‘ಅನುವಾದ ನೋಡಿ’ ಒತ್ತಿದಾಗ ಆ್ಯಪ್ ಒಳಗೆ ಏನಾಗುತ್ತದೆ? ಮುಖ್ಯಮಂತ್ರಿಯನ್ನೇ ‘ಸಾಯಿಸಿದ’ ಯಂತ್ರಾನುವಾದದ ಕಥೆ

ಹಿರಿಯ ನಟಿ ಬಿ. ಸರೋಜಾದೇವಿ 2025ರ ಜುಲೈ 14ರಂದು ಬೆಂಗಳೂರಿನಲ್ಲಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಅಂತಿಮ ದರ್ಶನ ಪಡೆದರು. ಆ ಬಗ್ಗೆ ಮುಖ್ಯಮಂತ್ರಿಗಳ ಕಡೆಯಿಂದ ಸೋಷಿಯಲ್ ಮೀಡಿಯಾದಲ್ಲಿ ಕನ್ನಡದಲ್ಲಿ ಒಂದು ಪೋಸ್ಟ್ ಬಂತು. ಕನ್ನಡದಲ್ಲಿ ಓದಿದವರಿಗೆ ಅದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಆದರೆ ಅದೇ ಪೋಸ್ಟ್ ಇಂಗ್ಲಿಷಿಗೆ ತಾನಾಗಿಯೇ ಅನುವಾದಗೊಂಡು ಕಾಣಿಸಿದಾಗ, ತೀರಿಕೊಂಡವರು ನಟಿಯಲ್ಲ, ಸ್ವತಃ ಮುಖ್ಯಮಂತ್ರಿ ಎಂಬ ಅರ್ಥ ಬರುತ್ತಿತ್ತು!

ಮುಖ್ಯಮಂತ್ರಿಗಳ ಕಚೇರಿಯಿಂದ ಮೆಟಾ ಕಂಪನಿಗೆ ಪತ್ರ ಹೋಯಿತು. ಅನುವಾದ ಸರಿಯಾಗುವ ತನಕ ಕನ್ನಡಕ್ಕೆ ಈ ಸೌಲಭ್ಯವನ್ನು ನಿಲ್ಲಿಸಿ, ಕನ್ನಡ ಬಲ್ಲ ತಜ್ಞರ ಜೊತೆ ಕೂತು ಸರಿಪಡಿಸಿ ಎನ್ನುವುದು ಅದರ ಒತ್ತಾಯ. ಮೆಟಾ ಕ್ಷಮೆ ಕೇಳಿತು, ದೋಷವನ್ನು ಸರಿಪಡಿಸಿದ್ದಾಗಿಯೂ ಹೇಳಿತು.

ಇಲ್ಲಿ ಯಾರೂ ಸುಳ್ಳು ಸುದ್ದಿ ಹುಟ್ಟಿಸಿರಲಿಲ್ಲ ಎನ್ನುವುದನ್ನು ಗಮನಿಸಿ. ಪೋಸ್ಟ್ ಬರೆದವರು ಸರಿಯಾಗಿಯೇ ಬರೆದಿದ್ದರು. ಅದನ್ನು ಇಂಗ್ಲಿಷಿನಲ್ಲಿ ಓದಿ ಗಾಬರಿಯಾಗಿ ಸ್ಕ್ರೀನ್‌ಶಾಟ್ ತೆಗೆದು ಯಾರಿಗಾದರೂ ಕಳಿಸಿದವರೂ, ಪಾಪ, ಕಣ್ಣಿಗೆ ಕಂಡದ್ದನ್ನೇ ಕಳಿಸಿದ್ದರು. ಮೇಲುಗಡೆ ಅಧಿಕೃತ ಖಾತೆಯ ಹೆಸರು ಇದ್ದೇ ಇತ್ತು. ಸುಳ್ಳು ಹುಟ್ಟಿದ್ದು ನಡುವೆ, ಆ್ಯಪ್ ಒಳಗೆ. ಅಲ್ಲಿ ಏನು ನಡೆಯುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದು ಆ್ಯಪ್‌ನಲ್ಲಿ ಎರಡು ಬಗೆಯ ಕನ್ನಡ

ನಿಮ್ಮ ಫೋನಿನ ಯಾವುದಾದರೂ ಆ್ಯಪ್ ಅನ್ನು ಕನ್ನಡಕ್ಕೆ ಬದಲಿಸಿಕೊಂಡರೆ, ಅದರಲ್ಲಿ ಕಾಣುವ ಕನ್ನಡ ಎರಡು ಕಡೆಯಿಂದ ಬಂದಿರುತ್ತದೆ.

ಮೊದಲನೆಯದು ಬಟನ್ ಮತ್ತು ಮೆನುಗಳ ಕನ್ನಡ. ‘ಕಳುಹಿಸಿ’, ‘ಅಳಿಸಿ’, ‘ಸೆಟ್ಟಿಂಗ್‌ಗಳು’ ಎಂಬಂಥವು. ಇವನ್ನು ಆ್ಯಪ್ ತಯಾರಿಸುವಾಗಲೇ ಪಟ್ಟಿ ಮಾಡಿ, ಒಂದೊಂದಕ್ಕೂ ಕನ್ನಡ ಬರೆದು, ಫೈಲಿನಲ್ಲಿ ಇಟ್ಟಿರುತ್ತಾರೆ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಮನುಷ್ಯರು ಇವನ್ನು ಅನುವಾದಿಸುತ್ತಾರೆ, ಇಲ್ಲವೇ ಕೊನೆಗೆ ಪರಿಶೀಲನೆಯನ್ನಾದರೂ ಮಾಡುತ್ತಾರೆ.

ಎರಡನೆಯದು ನಿಮ್ಮಂಥ, ನಮ್ಮಂಥ ಬಳಕೆದಾರರು ಬರೆದದ್ದು. ಪೋಸ್ಟ್, ಕಾಮೆಂಟ್, ಹೋಟೆಲಿನ ರಿವ್ಯೂ, ಮೆಸೇಜು. ಇದು ಕ್ಷಣಕ್ಷಣಕ್ಕೂ ಹೊಸದು. ಯಾರೋ ಕೂತು ಇದನ್ನೆಲ್ಲ ಅನುವಾದಿಸುವುದು ಸಾಧ್ಯವೇ ಇಲ್ಲ. ‘ಗೂಗಲ್‌ನಲ್ಲಿ ಸಾವಿರಾರು ಜನ ಕೂತು ಟ್ರಾನ್ಸ್‌ಲೇಟ್ ಮಾಡುತ್ತಾರಂತೆ’ ಎಂದು ನಂಬಿದವರು ಈಗಲೂ ಸಿಗುತ್ತಾರೆ. ಹಾಗೇನಿಲ್ಲ. ‘ಅನುವಾದ ನೋಡಿ’ ಎಂದು ನೀವು ಒತ್ತಿದಾಗ ಕಾಣುವುದನ್ನು ಮನುಷ್ಯರಾರೂ ಮೊದಲೇ ಓದಿ ನೋಡಿರುವುದಿಲ್ಲ.

ಆ್ಯಪ್ ತಯಾರಕರು ಅನುವಾದದ ಯಂತ್ರವನ್ನು ತಾವೇ ಕಟ್ಟಬೇಕಾಗಿಯೂ ಇಲ್ಲ. ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಅನುವಾದವನ್ನು ಒಂದು ಸೇವೆಯಾಗಿ ಮಾರುತ್ತವೆ. ಇದಕ್ಕೆ ಎಪಿಐ ಎಂದು ಹೆಸರು. ಮನೆಯಲ್ಲಿ ಗಿರಣಿ ಇಲ್ಲದಿದ್ದರೂ ಅಕ್ಕಿ ಕೊಟ್ಟು ಹಿಟ್ಟು ಮಾಡಿಸಿಕೊಂಡು ಬರುತ್ತೇವಲ್ಲ, ಹಾಗೆ. ಆ್ಯಪ್ ಪಠ್ಯವನ್ನು ಕಳಿಸುತ್ತದೆ, ಆ ಕಡೆಯ ಕಂಪ್ಯೂಟರ್ ಅನುವಾದ ಮಾಡಿ ವಾಪಸ್ ಕಳಿಸುತ್ತದೆ. ಗೂಗಲ್‌ನ ಸೇವೆಗೆ ತಿಂಗಳಿಗೆ ಮೊದಲ 5 ಲಕ್ಷ ಅಕ್ಷರ ಉಚಿತ, ಆಮೇಲೆ ಪ್ರತಿ 10 ಲಕ್ಷ ಅಕ್ಷರಕ್ಕೆ 20 ಡಾಲರ್ ಎನ್ನುವುದು ಅವರು ಪ್ರಕಟಿಸಿರುವ ಸಾಮಾನ್ಯ ದರ. ಇಲ್ಲೊಂದು ತಮಾಷೆ ಇದೆ. ‘ಲಕ್ಷ್ಮೀ’ ಎನ್ನುವುದು ನಮ್ಮ ಲೆಕ್ಕದಲ್ಲಿ ಎರಡೇ ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಏಳು! ವ್ಯಂಜನ, ಒತ್ತಕ್ಷರ ಸೇರಿಸುವ ಹಲಂತದ ಗುರುತು, ದೀರ್ಘ ಎಲ್ಲವನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ಬಿಲ್ಲೂ ಹಾಗೆಯೇ ಬರುತ್ತದೆ.

ಒಂದು ಪೋಸ್ಟನ್ನು ಲಕ್ಷ ಜನ ನೋಡುವುದಿದ್ದರೆ ಲಕ್ಷ ಸಲ ಅನುವಾದ ಮಾಡಿಸುವುದು ದಂಡದ ಖರ್ಚು. ಹಾಗಾಗಿ ಒಮ್ಮೆ ಮಾಡಿದ ಅನುವಾದವನ್ನು ಉಳಿಸಿಕೊಂಡು ಮುಂದಿನವರಿಗೂ ಅದನ್ನೇ ತೋರಿಸುವ ಪದ್ಧತಿ ಇದೆ. ಇದರಿಂದ ಹಣ ಉಳಿಯುತ್ತದೆ ಎನ್ನುವುದು ನಿಜ. ಆದರೆ ಒಂದು ತಪ್ಪು ಅನುವಾದವಾದರೆ ಅದೇ ತಪ್ಪು, ಅದೇ ರೂಪದಲ್ಲಿ, ನೋಡಿದವರಿಗೆಲ್ಲ ಕಾಣುತ್ತದೆ. ‘ನಾನೊಬ್ಬನೇ ಅಲ್ಲ, ನನ್ನ ಗೆಳೆಯನ ಫೋನಿನಲ್ಲೂ ಹಾಗೇ ಇದೆ, ಹಾಗಾದರೆ ನಿಜವೇ ಇರಬೇಕು’ ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ.

ಯಂತ್ರ ನಿಘಂಟು ನೋಡುತ್ತದೆಯೇ?

ಇಲ್ಲ. ಹಿಂದೆ ಒಂದು ಕಾಲದಲ್ಲಿ ಹಾಗೆ ಮಾಡಲು ಪ್ರಯತ್ನಿಸಿದ್ದರು. 1954ರ ಜನವರಿಯಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಕಂಪ್ಯೂಟರಿನಿಂದ ಇಂಗ್ಲಿಷಿಗೆ ಅನುವಾದಿಸಿ ತೋರಿಸಿದವು. 250 ಪದಗಳ ಪುಟ್ಟ ಪದಕೋಶ, ಆರೇ ಆರು ವ್ಯಾಕರಣದ ನಿಯಮಗಳು. ಇನ್ನು ಕೆಲವೇ ವರ್ಷಗಳಲ್ಲಿ ಈ ಸಮಸ್ಯೆ ಮುಗಿದುಹೋಗುತ್ತದೆ ಎಂಬ ಹುರುಪು ಆಗ ಇತ್ತು. ಮುಗಿಯಲಿಲ್ಲ. ನಿಯಮ ಬರೆದಷ್ಟೂ ಅಪವಾದಗಳು ಹುಟ್ಟಿಕೊಂಡವು. ನಮ್ಮಲ್ಲೂ ಈ ದಾರಿಯಲ್ಲಿ ಕೆಲಸ ನಡೆದಿದೆ: ಸರ್ಕಾರಿ ಸುತ್ತೋಲೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕರ್ನಾಟಕ ಸರ್ಕಾರದ ನೆರವಿನಿಂದ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಇಂಥದ್ದೊಂದು ವ್ಯವಸ್ಥೆಯನ್ನು ರೂಪಿಸಲಾಗಿತ್ತು.

ಈಗಿನ ವಿಧಾನವೇ ಬೇರೆ. ಒಂದೇ ವಿಷಯ ಎರಡು ಭಾಷೆಗಳಲ್ಲಿರುವ ವಾಕ್ಯಗಳನ್ನು ಲಕ್ಷಗಟ್ಟಲೆ, ಕೋಟಿಗಟ್ಟಲೆ ಕಂಪ್ಯೂಟರಿಗೆ ಕೊಡುತ್ತಾರೆ. ಯಾವ ಮಾತಿನ ಎದುರು ಯಾವ ಮಾತು ಬರುತ್ತದೆ, ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎನ್ನುವುದನ್ನು ಅದು ಅಂದಾಜು ಮಾಡಲು ಕಲಿಯುತ್ತದೆ. ಅನುವಾದ ಮಾಡುವಾಗ ಒಂದೊಂದೇ ತುಣುಕು ಪದವನ್ನು ‘ಇಲ್ಲಿ ಹೆಚ್ಚು ಸಂಭವ ಇರುವುದು ಯಾವುದು’ ಎಂದು ಲೆಕ್ಕ ಹಾಕಿ ಜೋಡಿಸುತ್ತಾ ಹೋಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಈಗಿನ ನರಜಾಲ ಮಾದರಿಯ ಅನುವಾದ ಕನ್ನಡಕ್ಕೆ ಬಂದದ್ದು 2017ರಲ್ಲಿ. ಮೊದಲಿನ ಅನುವಾದ ಓದಿದರೆ ನಗು ಬರುತ್ತಿತ್ತು, ಯಂತ್ರದ್ದು ಎಂದು ತಕ್ಷಣ ಗೊತ್ತಾಗುತ್ತಿತ್ತು. ಈಗಿನದು ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ತಪ್ಪಿದ್ದಾಗಲೂ ಸರಾಗವಾಗಿಯೇ ಇರುತ್ತದೆ. ಅಪಾಯ ಹೆಚ್ಚಿದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಇನ್ನು, ಕಲಿಯಲು ಸಿಗುವ ಸಾಮಗ್ರಿ ಎಲ್ಲ ಭಾಷೆಗಳಿಗೂ ಒಂದೇ ಸಮ ಇಲ್ಲ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2021ರಲ್ಲಿ ‘ಸಮಾನಾಂತರ್’ ಎಂಬ ಸಂಗ್ರಹವನ್ನು ಬಿಡುಗಡೆ ಮಾಡಿತು. ಇಂಗ್ಲಿಷ್ ಮತ್ತು 11 ಭಾರತೀಯ ಭಾಷೆಗಳ ನಡುವಿನ ಸುಮಾರು 5 ಕೋಟಿ ವಾಕ್ಯಜೋಡಿಗಳು ಅದರಲ್ಲಿದ್ದವು. ಹಿಂದಿಯ ಪಾಲು ಸುಮಾರು 1 ಕೋಟಿ, ಕನ್ನಡದ್ದು ಸುಮಾರು 40 ಲಕ್ಷ. ಅದೇ ತಂಡ 2023ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದ ಮಾಡುವ ‘ಇಂಡಿಕ್‌ಟ್ರಾನ್ಸ್2’ ಅನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಕೊಟ್ಟಿತು. ಕನ್ನಡಕ್ಕೆ ಏನೂ ಇಲ್ಲ ಎನ್ನುವ ಸ್ಥಿತಿ ಈಗಿಲ್ಲ. ಆದರೆ ಈ ಸಂಗ್ರಹಗಳಲ್ಲಿ ಇರುವುದು ಹೆಚ್ಚಾಗಿ ಸುದ್ದಿ, ಸರ್ಕಾರಿ ಪ್ರಕಟಣೆ, ಪಾಠಗಳಂಥ ಬರಹದ ಕನ್ನಡ. ಧಾರವಾಡದವರು ಕಾಮೆಂಟಿನಲ್ಲಿ ಬರೆಯುವ ‘ಹೋಗೂಣೇನ್ರಿ’, ಮಂಡ್ಯದವರು ಬರೆಯುವ ‘ಓಯ್ತಿನಿ ಕಣ್ಲಾ’ ಅಲ್ಲಿ ಎಷ್ಟು ಸಿಕ್ಕೀತು? ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರಂತೂ ಇದು ಯಾವ ಭಾಷೆ ಎಂದು ಗುರುತಿಸುವ ಮೊದಲ ಹೆಜ್ಜೆಯಲ್ಲೇ ಆ್ಯಪ್ ಎಡವಬಹುದು.

ಒಂದು ‘ರು’ ಮಾಡುವ ವ್ಯತ್ಯಾಸ

ಈಗ ಆ ಪೋಸ್ಟಿಗೆ ವಾಪಸ್ ಬರೋಣ. ಅದೇ ಬಗೆಯ ಒಂದು ವಾಕ್ಯ ಇಲ್ಲಿದೆ: ‘ಹೆಡ್‌ಮಾಸ್ತರರು ನಿನ್ನೆ ನಿಧನರಾದ ಹಿರಿಯ ಶಿಕ್ಷಕರ ಅಂತಿಮ ದರ್ಶನ ಪಡೆದರು.’

ತೀರಿಕೊಂಡವರು ಯಾರು ಎಂದು ಕನ್ನಡಿಗರನ್ನು ಕೇಳಿ. ಒಂದು ಕ್ಷಣವೂ ಯೋಚಿಸದೆ ಶಿಕ್ಷಕರು ಎನ್ನುತ್ತಾರೆ. ಏಕೆಂದರೆ ‘ನಿಧನರಾದ’ ಎನ್ನುವ ಪದ ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುತ್ತದೆ. ಹೆಡ್‌ಮಾಸ್ತರರೇ ತೀರಿಕೊಂಡಿದ್ದರೆ ‘ನಿಧನರಾದರು’ ಎಂದು ಇರಬೇಕಿತ್ತು. ವ್ಯತ್ಯಾಸ ಇರುವುದು ಒಂದೇ ಒಂದು ‘ರು’ನಲ್ಲಿ.

ಇಂಗ್ಲಿಷಿನಲ್ಲಿ ಈ ಕ್ರಮ ಇಲ್ಲ. ಅಲ್ಲಿ ಮೊದಲು ಕರ್ತೃ, ಅದರ ಬೆನ್ನಿಗೇ ಕ್ರಿಯಾಪದ. ನಮ್ಮಲ್ಲಿ ಕರ್ತೃ ವಾಕ್ಯದ ಮೊದಲಲ್ಲಿದ್ದರೆ ಅದರ ಕ್ರಿಯಾಪದ ಕೊನೆಗೆ ಬರುತ್ತದೆ. ನಡುವೆ ಬೇರೊಬ್ಬರ ಇಡೀ ಕಥೆ ತುಂಬಿರಬಹುದು. ಕನ್ನಡದ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ಯಂತ್ರ ಇಡೀ ಸಾಲನ್ನು ಬಿಚ್ಚಿ ಮತ್ತೆ ಹೆಣೆಯಬೇಕು. ಹೆಣೆಯುವಾಗ ಮೊದಲು ಸಿಕ್ಕ ಹೆಸರಿಗೆ ಮೊದಲು ಸಿಕ್ಕ ಕ್ರಿಯೆಯನ್ನು ಕಟ್ಟಿಬಿಟ್ಟರೆ ಮುಗಿಯಿತು, ದರ್ಶನಕ್ಕೆ ಹೋದವರೇ ತೀರಿಕೊಂಡಿರುತ್ತಾರೆ. ಮುಖ್ಯಮಂತ್ರಿಗಳ ಪೋಸ್ಟಿನ ಇಂಗ್ಲಿಷ್ ರೂಪದಲ್ಲಿ ಕಂಡದ್ದು ಇಂಥದ್ದೇ ಅದಲುಬದಲು.

ಯಂತ್ರ ಪದಗಳನ್ನೂ ಇಡಿಯಾಗಿ ನೋಡುವುದಿಲ್ಲ. ಸಣ್ಣ ತುಂಡುಗಳಾಗಿ ಕತ್ತರಿಸಿಕೊಂಡು ನೋಡುತ್ತದೆ. ಇಂಗ್ಲಿಷಿಗೆ ಇದು ಸುಲಭ, ಅಲ್ಲಿ ‘ನಾಟ್’, ‘ಫ್ರಮ್’, ‘ವಿತ್’ ಎಲ್ಲ ಬಿಡಿ ಪದಗಳು. ಕನ್ನಡದಲ್ಲಿ ಇವೆಲ್ಲ ಪದದ ಬಾಲದಲ್ಲಿ ಅಡಗಿ ಕೂತಿರುತ್ತವೆ. ‘ಊಟ ಮಾಡಿ ಬನ್ನಿ’ ಮತ್ತು ‘ಊಟ ಮಾಡದೆ ಬನ್ನಿ’. ರಕ್ತ ಪರೀಕ್ಷೆಗೆ ಹೊರಟವರಿಗೆ ಲ್ಯಾಬಿನಿಂದ ಬಂದ ಮೆಸೇಜ್ ಇದಾದರೆ, ‘ದೆ’ ಎನ್ನುವ ಆ ಒಂದಕ್ಷರ ಎಷ್ಟು ಮುಖ್ಯ ನೋಡಿ.

ಒಂದೇ ಪದಕ್ಕೆ ಹಲವು ಅರ್ಥ ಇರುವುದು ಇನ್ನೊಂದು ಕಷ್ಟ. ‘ಕಾಲು’ ಎಂದರೆ ದೇಹದ ಅಂಗವೂ ಹೌದು, ನಾಲ್ಕನೇ ಒಂದು ಭಾಗವೂ ಹೌದು. ‘ಮತ’ ಎಂದರೆ ವೋಟು, ಧರ್ಮ, ಅಭಿಪ್ರಾಯ. ‘ನೆರೆ’ ಬಂದರೆ ಪ್ರವಾಹ, ನೆರೆಯವರು ಬಂದರೆ ಪಕ್ಕದ ಮನೆಯವರು, ತಲೆ ನೆರೆತರೆ ಬಿಳಿಕೂದಲು! ಸುತ್ತಲಿನ ಮಾತುಗಳನ್ನು ನೋಡಿ ಯಂತ್ರ ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತದೆ. ಸುತ್ತ ಏನೂ ಇಲ್ಲದಿದ್ದಾಗ ಸಿಕ್ಕಿಬೀಳುತ್ತದೆ. ಹೀಗಾಗಿಯೇ ಬಟನ್‌ಗಳ ಮೇಲಿನ ಒಂಟಿ ಪದಗಳನ್ನು ಯಂತ್ರಕ್ಕೆ ಬಿಟ್ಟ ಆ್ಯಪ್‌ಗಳಲ್ಲಿ ಟಿಕೆಟ್ ‘ಬುಕ್’ ಮಾಡುವ ಜಾಗದಲ್ಲಿ ‘ಪುಸ್ತಕ’, ಕಿಟಕಿ ‘ಕ್ಲೋಸ್’ ಮಾಡುವ ಜಾಗದಲ್ಲಿ ‘ಹತ್ತಿರ’ ಎಂದು ಬಂದುಬಿಡಬಹುದು.

ಹೆಸರುಗಳ ಪಾಡಂತೂ ಹೇಳುವುದೇ ಬೇಡ. 2020ರ ಜನವರಿಯಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಮ್ಯಾನ್ಮಾರ್‌ಗೆ ಭೇಟಿ ಕೊಟ್ಟಾಗ, ಆ ಕುರಿತು ಬರ್ಮೀಸ್ ಭಾಷೆಯಲ್ಲಿದ್ದ ಪೋಸ್ಟನ್ನು ಫೇಸ್‌ಬುಕ್ ಇಂಗ್ಲಿಷಿಗೆ ಅನುವಾದಿಸಿದಾಗ ಅವರ ಹೆಸರಿನ ಜಾಗದಲ್ಲಿ ಇಲ್ಲಿ ಬರೆಯಲಾಗದಂಥ ಅಸಭ್ಯ ಪದ ಬಂದಿತ್ತು. ಬರ್ಮೀಸ್‌ನ ಮಾಹಿತಿ ಸಂಗ್ರಹದಲ್ಲಿ ಆ ಹೆಸರೇ ಇರಲಿಲ್ಲ, ಹಾಗಾಗಿ ವ್ಯವಸ್ಥೆ ಊಹೆ ಮಾಡಿತು ಎಂದು ಕಂಪನಿ ಹೇಳಿತು, ಕ್ಷಮೆಯನ್ನೂ ಕೇಳಿತು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನುವ ಅಭ್ಯಾಸ ಈ ಯಂತ್ರಕ್ಕಿಲ್ಲ. ಜಾಗ ಖಾಲಿ ಬಿಡುವ ಬದಲು ಏನನ್ನಾದರೂ ತುಂಬುತ್ತದೆ.

‘ಶುಭೋದಯ’ ಎಂದದ್ದಕ್ಕೆ ಬಂಧನ

ಗುಡ್ ಮಾರ್ನಿಂಗ್ ಮೆಸೇಜು ಯಾರಿಗೂ ತೊಂದರೆ ಮಾಡದು ಎಂದುಕೊಂಡಿದ್ದೀರಾ? 2017ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಪೊಲೀಸರು ಒಬ್ಬ ಪ್ಯಾಲೆಸ್ತೀನಿ ಕಟ್ಟಡ ಕಾರ್ಮಿಕನನ್ನು ಬಂಧಿಸಿದರು. ಆತ ಬುಲ್ಡೋಜರ್ ಪಕ್ಕದಲ್ಲಿ ನಿಂತ ಫೋಟೋ ಹಾಕಿ ಅರಬ್ಬಿಯಲ್ಲಿ ಶುಭೋದಯ ಎಂಬ ಅರ್ಥದ ಮಾತು ಬರೆದಿದ್ದ. ಫೇಸ್‌ಬುಕ್‌ನ ಯಂತ್ರ ಅದನ್ನು ಹೀಬ್ರೂ ಭಾಷೆಯಲ್ಲಿ ‘ಅವರ ಮೇಲೆ ದಾಳಿ ಮಾಡಿ’ ಎಂದು ತೋರಿಸಿತು. ಬಂಧನಕ್ಕೆ ಮೊದಲು ಅರಬ್ಬಿ ಬಲ್ಲ ಅಧಿಕಾರಿಯೊಬ್ಬರು ಮೂಲ ಪೋಸ್ಟನ್ನು ಓದಿರಲೇ ಇಲ್ಲ ಎಂದು ಆಗ ವರದಿಯಾಯಿತು. ಕೆಲವು ಗಂಟೆಗಳ ವಿಚಾರಣೆಯ ನಂತರ ತಪ್ಪು ಗೊತ್ತಾಗಿ ಆತನನ್ನು ಬಿಟ್ಟರು. ಫೇಸ್‌ಬುಕ್ ಕ್ಷಮೆ ಕೇಳಿತು.

ಯಂತ್ರ ತಪ್ಪಿದ್ದು ಒಂದು ಕಡೆ ಇರಲಿ. ಅರಬ್ಬಿ ಬಲ್ಲವರಿಗೆ ಬರವೇನೂ ಇಲ್ಲದ ನಾಡಿನಲ್ಲಿ ಯಾರನ್ನೂ ಕೇಳದೆ ಪರದೆಯ ಮೇಲಿನ ಅನುವಾದವನ್ನೇ ಸಾಕ್ಷಿಯೆಂದು ತೆಗೆದುಕೊಂಡದ್ದು ನನಗೆ ಹೆಚ್ಚು ಅಚ್ಚರಿ ತರುವ ಸಂಗತಿ. ‘ಬೇರೆ ರಾಜ್ಯದವರು ನಮ್ಮ ಬಗ್ಗೆ ಏನು ಬರೆದಿದ್ದಾರೆ ನೋಡಿ’ ಎಂದು ಅನುವಾದದ ಸ್ಕ್ರೀನ್‌ಶಾಟ್ ಬರುತ್ತದಲ್ಲ, ಆಗ ನಾವು ಮಾಡುವುದೂ ಇದನ್ನೇ.

ಡಾಕ್ಟರ್ ಮಾತಿಗೆ ಇದನ್ನು ನಂಬಬಹುದೇ?

ಈ ಪ್ರಶ್ನೆಗೆ ಸಂಶೋಧನೆಗಳು ನಡೆದಿವೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ ವೈದ್ಯರು ಸಾಮಾನ್ಯವಾಗಿ ಹೇಳುವ ಹತ್ತು ಮಾತುಗಳನ್ನು ಗೂಗಲ್ ಟ್ರಾನ್ಸ್‌ಲೇಟ್‌ನಿಂದ 26 ಭಾಷೆಗಳಿಗೆ ಅನುವಾದಿಸಿ ನೋಡಿದರು. ಸರಿಯಾಗಿದ್ದದ್ದು ಶೇ. 57.7 ಮಾತ್ರ. ‘ನಿಮ್ಮ ಮಗುವಿಗೆ ಫಿಟ್ಸ್ ಬರುತ್ತಿದೆ’ ಎಂಬ ಅರ್ಥದ ಮಾತು ಸ್ವಾಹಿಲಿ ಭಾಷೆಯಲ್ಲಿ ‘ನಿಮ್ಮ ಮಗು ಸತ್ತಿದೆ’ ಎಂದಾಗಿತ್ತು. ಆಸ್ಪತ್ರೆಯಲ್ಲಿ ಕೂತ ತಾಯಿಗೆ ಫೋನ್ ಹೀಗೆ ಓದಿ ಹೇಳಿದರೆ ಏನಾಗಬೇಡ!

ಅದು ಹಳೆಯ ಬಗೆಯ ಯಂತ್ರ. ಹೊಸದು ಬಂದಮೇಲೆ ಸುಧಾರಿಸಿತೇ? ಸುಧಾರಿಸಿತು. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ಸಂಶೋಧಕರು ತುರ್ತು ಚಿಕಿತ್ಸೆಯ ನಂತರ ರೋಗಿಗಳಿಗೆ ಬರೆದುಕೊಡುವ ಸೂಚನೆಗಳನ್ನು ಪರೀಕ್ಷಿಸಿದರು. ಸ್ಪ್ಯಾನಿಷ್‌ನಲ್ಲಿ ಶೇ. 92, ಚೀನಿ ಭಾಷೆಯಲ್ಲಿ ಶೇ. 81 ವಾಕ್ಯಗಳು ಸರಿಯಾಗಿದ್ದವು. ಆದರೆ ಸ್ಪ್ಯಾನಿಷ್‌ನಲ್ಲಿ ಶೇ. 2, ಚೀನಿಯಲ್ಲಿ ಶೇ. 8 ವಾಕ್ಯಗಳು ರೋಗಿಗೆ ಗಂಭೀರ ಹಾನಿ ಮಾಡಬಲ್ಲಷ್ಟು ತಪ್ಪಾಗಿದ್ದವು. ಜಗತ್ತಿನಲ್ಲೇ ಅತಿ ಹೆಚ್ಚು ಕಲಿಕೆಯ ಸಾಮಗ್ರಿ ಇರುವ ಭಾಷೆಗಳ ಸಾಲಿನಲ್ಲಿ ಇರುವಂಥವು ಇವು.

‘ಕಾಲು ಮಾತ್ರೆ ರಾತ್ರಿ ಮಲಗುವಾಗ’ ಎಂಬ ಸೂಚನೆ ಇದ್ದರೆ, ಕಾಲಿಗೆ ಸಂಬಂಧಿಸಿದ ಮಾತ್ರೆಯೋ, ಮಾತ್ರೆಯ ಕಾಲು ಭಾಗವೋ? ನಮಗೆ ಹೊಳೆಯುತ್ತದೆ, ಯಂತ್ರಕ್ಕೆ ಹೊಳೆಯದೆ ಇರಬಹುದು. ಬೇರೆ ಊರಿನ ಆಸ್ಪತ್ರೆಯಲ್ಲಿ ದಾರಿ ಕೇಳಲು, ಬಾಯಾರಿಕೆ ಎನ್ನಲು, ಎಲ್ಲಿ ನೋವು ಎಂದು ತೋರಿಸಲು ಅನುವಾದದ ಆ್ಯಪ್ ದೊಡ್ಡ ಉಪಕಾರಿ. ಬೇಡ ಎನ್ನುವುದು ಮೂರ್ಖತನ. ಮಾತ್ರೆಯ ಪ್ರಮಾಣ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ, ಯಾವುದರ ಅಲರ್ಜಿ ಇದೆ, ಆಪರೇಷನ್‌ಗೆ ಒಪ್ಪಿಗೆ ಇವುಗಳನ್ನು ಮಾತ್ರ ಎರಡೂ ಭಾಷೆ ಬಲ್ಲ ಒಬ್ಬ ಮನುಷ್ಯರಿಂದ, ಫೋನಿನಲ್ಲಾದರೂ ಸರಿ, ಖಚಿತಪಡಿಸಿಕೊಳ್ಳಿ. ಆರೋಗ್ಯದ ಸಲಹೆಗಳ ಫಾರ್ವರ್ಡ್‌ಗಳಿಗೂ ಇದೇ ಮಾತು. ‘ಅಮೆರಿಕದ ಡಾಕ್ಟರು ಹೇಳಿದ್ದು’ ಎಂದು ಕನ್ನಡದಲ್ಲಿ ಬಂದ ಸಲಹೆ ಯಂತ್ರಾನುವಾದ ಆಗಿರಬಹುದು. ಡಾಕ್ಟರು ಹೇಳಿದ್ದೇ ನಿಜವಾದರೂ ಅವರು ‘ಬೇಡ’ ಎಂದದ್ದು ಇಲ್ಲಿ ‘ಬೇಕು’ ಆಗಿರುವ ಸಾಧ್ಯತೆ ಉಳಿದೇ ಇರುತ್ತದೆ.

ನನ್ನ ಖಾಸಗಿ ಮೆಸೇಜ್ ಕಂಪನಿಗೆ ಹೋಗುತ್ತದೆಯೇ?

‘ಅನುವಾದ ಆನ್ ಮಾಡಿದರೆ ನಿಮ್ಮ ಚಾಟ್ ಎಲ್ಲ ವಿದೇಶಕ್ಕೆ ಹೋಗುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಯಾವ ಆ್ಯಪ್, ಯಾವ ವಿಧಾನ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಅನುವಾದ ಎರಡು ಜಾಗಗಳಲ್ಲಿ ನಡೆಯಬಹುದು. ಒಂದು, ಮೇಲೆ ಹೇಳಿದಂತೆ ಕಂಪನಿಯ ಸರ್ವರ್‌ನಲ್ಲಿ. ಆಗ ಪಠ್ಯ ಅಲ್ಲಿಗೆ ಹೋಗಲೇಬೇಕು. ಇನ್ನೊಂದು, ನಿಮ್ಮ ಫೋನಿನೊಳಗೇ. ಇದಕ್ಕೆ ಭಾಷೆಯ ಪ್ಯಾಕ್ ಡೌನ್‌ಲೋಡ್ ಮಾಡಿಕೊಳ್ಳಬೇಕು. ಆ್ಯಪ್ ತಯಾರಕರಿಗಾಗಿ ಗೂಗಲ್ ಕೊಡುವ ಇಂಥ ಸಾಧನದಲ್ಲಿ ಒಂದೊಂದು ಭಾಷೆಗೆ ಸುಮಾರು 30 ಎಂಬಿ ಸಾಕು. ಕನ್ನಡವೂ ಅದರಲ್ಲಿದೆ. ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ವಾಟ್ಸಾಪ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಮೆಸೇಜ್ ಅನುವಾದದ ಸೌಲಭ್ಯ ಈ ಎರಡನೆಯ ಬಗೆಯದು. ಅನುವಾದ ಫೋನಿನಲ್ಲೇ ನಡೆಯುತ್ತದೆ, ಅದನ್ನು ತಾವು ನೋಡಲಾಗದು ಎಂದು ಕಂಪನಿ ಹೇಳಿದೆ. ಆ್ಯಂಡ್ರಾಯ್ಡ್‌ನಲ್ಲಿ ಆರಂಭಕ್ಕೆ ಕೊಟ್ಟ ಆರು ಭಾಷೆಗಳಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ.

ಫೋನಿನೊಳಗಿನ ಪುಟ್ಟ ಯಂತ್ರಕ್ಕೆ ಮಿತಿಗಳೂ ಹೆಚ್ಚು. ಗೂಗಲ್‌ನ ಆ 30 ಎಂಬಿ ಸಾಧನ ಕನ್ನಡದಿಂದ ತಮಿಳಿಗೆ ನೇರವಾಗಿ ಹೋಗುವುದಿಲ್ಲ, ನಡುವೆ ಇಂಗ್ಲಿಷಿಗೆ ಹೋಗಿ ಬರುತ್ತದೆ. ನಮ್ಮಲ್ಲೂ ತಮಿಳಿನಲ್ಲೂ ಇರುವ ನೀನು–ನೀವು ಭೇದ ಇಂಗ್ಲಿಷಿನಲ್ಲಿ ಇಲ್ಲವಲ್ಲ. ಅತ್ತೆಗೆ ‘ನೀವು ಬನ್ನಿ’ ಎಂದು ಬರೆದದ್ದು ಆ ಕಡೆ ತಲುಪುವಾಗ ‘ನೀನು ಬಾ’ ಆಗಿಬಿಟ್ಟರೆ ತಪ್ಪು ಸೊಸೆಯದಲ್ಲ.

ಹೆಚ್ಚಿನ ಅಪಾಯ ಇರುವುದು ನಾವೇ ಕೈಯಾರೆ ಕಾಪಿ ಮಾಡಿ ಯಾವುದೋ ಉಚಿತ ಅನುವಾದದ ವೆಬ್‌ಸೈಟಿಗೆ ಹಾಕುವಾಗ. 2017ರಲ್ಲಿ ನಾರ್ವೆಯ ಎನ್‌ಆರ್‌ಕೆ ಸುದ್ದಿಸಂಸ್ಥೆ ಇಂಥದ್ದನ್ನು ಬಯಲಿಗೆಳೆಯಿತು. ಅಲ್ಲಿನ ತೈಲ ಕಂಪನಿಯೊಂದರ ನೌಕರರು ಉಚಿತ ಸೈಟಿನಲ್ಲಿ ಅನುವಾದಿಸಿದ್ದ ಕೆಲಸದಿಂದ ತೆಗೆಯುವ ನೋಟಿಸ್, ಒಪ್ಪಂದ, ಪಾಸ್‌ವರ್ಡ್‌ಗಳು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತಿದ್ದವು. ಬ್ಯಾಂಕಿನ ಪತ್ರ, ಜಮೀನಿನ ದಾಖಲೆ, ವೈದ್ಯಕೀಯ ರಿಪೋರ್ಟುಗಳನ್ನು ಹೀಗೆ ಹಾಕುವ ಮುನ್ನ ಹೆಸರು, ನಂಬರುಗಳನ್ನು ಅಳಿಸಿಕೊಳ್ಳಿ.

ವಾಪಸ್ ತಿರುಗಿಸಿ ನೋಡಿದರೆ ಸಾಕೇ?

ಕನ್ನಡಕ್ಕೆ ಆದ ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೊದಲಿನದೇ ಬಂದರೆ ಸರಿ ಎಂದುಕೊಳ್ಳುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಇದು ಅರೆಬರೆ ಪರೀಕ್ಷೆ. ಟಿಕೆಟ್ ‘ಬುಕ್’ ಎಂಬುದು ‘ಪುಸ್ತಕ’ ಆಯಿತು ಎಂದುಕೊಳ್ಳಿ. ‘ಪುಸ್ತಕ’ವನ್ನು ವಾಪಸ್ ತಿರುಗಿಸಿದರೆ ‘ಬುಕ್’ ಎಂದೇ ಬರುತ್ತದೆ. ಪರೀಕ್ಷೆ ಪಾಸು, ಅನುವಾದ ಫೇಲು! ವಾಪಸ್ ಬಂದದ್ದು ಬೇರೆಯಾಗಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದು ತಿಳಿಯಬಹುದು. ಒಂದೇ ಆಗಿದ್ದರೆ ಸರಿಯಾಗಿದೆ ಎಂದು ಮಾತ್ರ ತಿಳಿಯಬೇಡಿ. ಇದಕ್ಕಿಂತ ಉಪಯೋಗಕ್ಕೆ ಬರುವುದು ಅದೇ ವಾಕ್ಯವನ್ನು ಬೇರೆ ಕಂಪನಿಯ ಅನುವಾದದಲ್ಲೂ ಹಾಕಿ ನೋಡುವುದು. ಎರಡೂ ಬೇರೆಬೇರೆ ಹೇಳಿದರೆ ಆ ಸಾಲಿನಲ್ಲಿ ತೊಡಕಿದೆ ಎಂದರ್ಥ.

ಫಾರ್ವರ್ಡ್ ಮಾಡುವ ಮುನ್ನ

ಪೋಸ್ಟಿನ ಕೆಳಗೋ ಮೇಲೋ ‘ಅನುವಾದಿಸಲಾಗಿದೆ’, ‘ಮೂಲ ನೋಡಿ’ ಎಂಬ ಸಣ್ಣ ಅಕ್ಷರ ಇದೆಯೇ ಗಮನಿಸಿ. ಇದ್ದರೆ ಅದನ್ನು ಒತ್ತಿ ಮೂಲ ಓದಿ. ಕನ್ನಡದ ಪೋಸ್ಟನ್ನೇ ನೀವು ಇಂಗ್ಲಿಷಿನಲ್ಲಿ ಓದುತ್ತಿರಬಹುದು. ಫೋನಿನ ಭಾಷೆ ಇಂಗ್ಲಿಷ್ ಆಗಿದ್ದರೆ ಕೆಲವು ಆ್ಯಪ್‌ಗಳು ಕೇಳದೆಯೇ ಬದಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ‘ಕನ್ನಡವನ್ನು ಅನುವಾದಿಸಬೇಡ’ ಎಂಬಂಥ ಆಯ್ಕೆ ಇದ್ದರೆ ಆರಿಸಿಕೊಳ್ಳಿ. ಕನ್ನಡ ಬಲ್ಲ ನಮಗೆ ಕನ್ನಡದ ಪೋಸ್ಟಿಗೆ ದುಭಾಷಿ ಯಾಕೆ?

ಸ್ಕ್ರೀನ್‌ಶಾಟ್ ತೆಗೆದಾಗ ಈ ಸಣ್ಣ ಅಕ್ಷರವೇ ಕತ್ತರಿಸಿಹೋಗುವುದು ಹೆಚ್ಚು. ಆಮೇಲೆ ನೋಡಿದವರಿಗೆ ಅದು ಆ ವ್ಯಕ್ತಿಯೇ ಬರೆದ ಮಾತು ಎನಿಸುತ್ತದೆ. ಹಾಗಾಗಿ ಚಿತ್ರದ ಬದಲು ಮೂಲ ಪೋಸ್ಟಿನ ಲಿಂಕ್ ಕಳಿಸಿ. ಸಾವು, ಬಂಧನ, ಬೈಗುಳ, ಬೆದರಿಕೆ, ಔಷಧಿ ಈ ಐದರಲ್ಲಿ ಯಾವುದಾದರೂ ಅನುವಾದದಲ್ಲಿ ಕಂಡರೆ, ಆ ಭಾಷೆ ಬಲ್ಲ ಒಬ್ಬರಿಗೆ ಮೂಲವನ್ನು ತೋರಿಸುವ ತನಕ ಕಳಿಸದಿರುವುದು ಒಳ್ಳೆಯದು. ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ತಮಿಳು, ತೆಲುಗು, ಮಲಯಾಳ, ಹಿಂದಿ, ಬಂಗಾಳಿ ಬಲ್ಲವರು ಇದ್ದೇ ಇರುತ್ತಾರೆ. ‘ಇದರ ಅರ್ಥ ಏನು ಸ್ವಲ್ಪ ನೋಡಿ ಹೇಳ್ತೀರಾ?’ ಎಂದು ಕೇಳಿದರೆ ಎರಡು ನಿಮಿಷದ ಕೆಲಸ.

ಕೊನೆಗೆ, ಶಾಲೆಗೋ ಸಹಕಾರ ಸಂಘಕ್ಕೋ ಆ್ಯಪ್ ಮಾಡಿಕೊಡುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದೆರಡು ಮಾತು. ಬಟನ್‌ಗಳ ಕನ್ನಡವನ್ನು ಯಂತ್ರಕ್ಕೆ ಬಿಡಬೇಡಿ. ನೂರಿನ್ನೂರು ಪದಗಳಷ್ಟೇ ಇರುತ್ತವೆ, ಊರಿನ ಕನ್ನಡ ಮೇಷ್ಟ್ರ ಹತ್ತಿರ ಒಂದು ಸಂಜೆ ಕೂತರೆ ಮುಗಿಯುತ್ತದೆ. ಹೆಸರು, ಊರು, ಹಣದ ಮೊತ್ತ, ದಿನಾಂಕಗಳನ್ನು ಅನುವಾದಕ್ಕೆ ಕಳಿಸದೆ ಹಾಗೇ ಉಳಿಸಿಕೊಳ್ಳುವ ವಿಧಾನಗಳಿವೆ, ‘ಈ ಪದಕ್ಕೆ ಇದೇ ಕನ್ನಡ ಬಳಸು’ ಎಂದು ಪದಪಟ್ಟಿ ಕೊಡುವ ಅವಕಾಶವೂ ಇದೆ, ಎರಡನ್ನೂ ಬಳಸಿ. ಯಂತ್ರದ ಅನುವಾದ ತೋರಿಸುವಲ್ಲಿ ಅದು ಯಂತ್ರದ್ದೇ ಎಂದು ಓದುಗರಿಗೆ ಸ್ಪಷ್ಟವಾಗಿ ತಿಳಿಸಬೇಕು ಎನ್ನುವುದು ಗೂಗಲ್‌ನ ಸೇವೆ ಬಳಸುವವರಿಗೆ ಇರುವ ಷರತ್ತೂ ಹೌದು. ಮೂಲಕ್ಕೆ ಹೋಗುವ ಬಟನ್ ಅನ್ನು ಮೂರು ಮೆನುಗಳ ಒಳಗೆ ಬಚ್ಚಿಡದೆ ಅನುವಾದದ ಪಕ್ಕದಲ್ಲೇ, ಅಜ್ಜ ಅಜ್ಜಿಯರ ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಇಡಿ.